ಬೆಳೆದವನಿಗೆ ದಕ್ಕದ ಹೆಸರು

ಕೇಂದ್ರ ಸರಕಾರವು 2020ರಲ್ಲಿ ತಂದ ಮೂರು ಕೃಷಿ ಶಾಸನಗಳ ಕಥೆಯನ್ನು ದಿಲ್ಲಿಯ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಿಂಘು, ಟಿಕ್ರಿ, ಘಾಜೀಪುರದ ಗಡಿಗಳಲ್ಲಿ ರೈತರು ವರ್ಷಕ್ಕೂ ಮಿಕ್ಕಿ ಬೀಡುಬಿಟ್ಟಿದ್ದರು. ಘಾಜಿಯಾಬಾದಿನಿಂದ ಕಚೇರಿಗೆ ಬರುವ ನಮ್ಮ ಗುಮಾಸ್ತರು ದಾರಿ ಬಳಸಿ ಬಂದುದುಂಟು. 2021ರ ನವೆಂಬರಿನಲ್ಲಿ ಆ ಶಾಸನಗಳು ರದ್ದಾದುವು. ಆದರೆ ಅಂಥ ಗದ್ದಲವಿಲ್ಲದೆ ಬಂದು ಇಂದಿಗೂ ಜಾರಿಯಲ್ಲಿರುವ ಕಟ್ಟಳೆಯೊಂದಿದೆ. ಊರಿನಲ್ಲಿ ತುಂಡು ಗದ್ದೆಯೋ ತೋಟವೋ ಉಳ್ಳ ವಾಚಕರಿಗೆ ಅದು ಹೆಚ್ಚು ಹತ್ತಿರದ ಸಂಗತಿ.

2006ರ ಆಹಾರ ಸುರಕ್ಷತೆಯ ಕಾಯಿದೆಯಡಿ 2017ರಲ್ಲಿ ರಚಿತವಾದ ಸಾವಯವ ಆಹಾರ ನಿಯಮಾವಳಿಯೇ ಅದು. ಪ್ರಮಾಣಪತ್ರವಿಲ್ಲದ ಪದಾರ್ಥವನ್ನು 'ಸಾವಯವ'ವೆಂದು ಹೆಸರಿಟ್ಟು ಮಾರಕೂಡದು. ಪತ್ರಕ್ಕೆ ಮುಖ್ಯವಾಗಿ ಎರಡು ದಾರಿ. ಒಂದರಲ್ಲಿ ಹೊರಗಿನ ಸಂಸ್ಥೆಯೊಂದು ಶುಲ್ಕ ಪಡೆದು ಪರೀಕ್ಷಿಸುತ್ತದೆ. ರಾಸಾಯನಿಕ ಬಿಟ್ಟ ಮೇಲೆ ವಾರ್ಷಿಕ ಬೆಳೆಗೆ ಎರಡು ವರ್ಷ, ಅಡಕೆ ಮೆಣಸಿನಂಥ ಬಹುವಾರ್ಷಿಕ ಬೆಳೆಗೆ ಮೂರು ವರ್ಷ ಕಾಯಬೇಕು. ಇನ್ನೊಂದರಲ್ಲಿ ಕನಿಷ್ಠ ಐವರು ನೆರೆಹೊರೆಯ ರೈತರು ಗುಂಪುಗೂಡಿ ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಸಾಕ್ಷಿ ನುಡಿಯುತ್ತಾರೆ. ಈ ಎರಡನೆಯ ಪದ್ಧತಿಯ ಕೇಂದ್ರ ಕಚೇರಿಯು ನಮ್ಮ ಮಗ್ಗುಲ ಘಾಜಿಯಾಬಾದಿನಲ್ಲಿಯೇ ಇದೆ.

ನಿಯಮದ ಉದ್ದೇಶವನ್ನು ನಾವು ಹಳಿಯೆವು. ಹಸಿರು ಚೀಟಿ ಅಂಟಿಸಿ ಸಾಮಾನ್ಯ ಅಕ್ಕಿಯನ್ನು ದುಬಾರಿ ಬೆಲೆಗೆ ಮಾರುವವರಿಗೆ ಲಗಾಮು ಬೇಕೇ ಬೇಕು. ಸಣ್ಣ ಹಿಡುವಳಿದಾರರಿಗೆ ರಿಯಾಯಿತಿಯೂ ಉಂಟು: ವರ್ಷಕ್ಕೆ 12 ಲಕ್ಷ ರೂಪಾಯಿ ಮೀರದ ವಹಿವಾಟಿನ ಬೆಳೆಗಾರನಾಗಲಿ ಬೆಳೆಗಾರರ ಸಂಘವಾಗಲಿ ನೇರವಾಗಿ ಬಳಕೆದಾರನಿಗೇ ಮಾರಿದರೆ ಪತ್ರ ಬೇಡ, ಸರಕಾರದ 'ಜೈವಿಕ್ ಭಾರತ್' ಮುದ್ರೆಯನ್ನು ಮಾತ್ರ ಹಾಕುವಂತಿಲ್ಲ.

ತೊಡಕಿರುವುದು ಈ 'ನೇರ'ದಲ್ಲಿ. ತೀರ್ಥಹಳ್ಳಿಯ ರೈತನು ತನ್ನೂರ ಸಂತೆಯಲ್ಲಿ ನೇರ ಮಾರಬಲ್ಲ. ಎರಡು ಸಾವಿರ ಕಿಲೋಮೀಟರಿಗೂ ದೂರದ ದಿಲ್ಲಿಗೆ ಮೆಣಸನ್ನಾದರೂ ಅಂಚೆಯಲ್ಲಿ ಕಳುಹಿಸಿಯಾನು, ಕುಚ್ಚಲಕ್ಕಿಯ ಮೂಟೆಯನ್ನು? ಅದು ಅಂಗಡಿಯವನ ಕೈಯಿಂದ ಬರಬೇಕು. ಬಂದೊಡನೆ ರಿಯಾಯಿತಿ ತಪ್ಪಿತು. ಹೋಟೆಲಿನವರಿಗೆ ಮಾರಿದರೂ ಅಷ್ಟೆ. ಕಾಯಿದೆಯ ಕಣ್ಣಿಗೆ ಬಳಕೆದಾರನೆಂದರೆ ಸ್ವಂತ ಅಗತ್ಯಕ್ಕೆ ಕೊಳ್ಳುವ ವ್ಯಕ್ತಿ ಅಥವಾ ಕುಟುಂಬ. ನೂರು ಜನಕ್ಕೆ ಬೇಯಿಸಿ ಬಡಿಸುವ ನಮ್ಮ ಅಡುಗೆಮನೆಯಲ್ಲ. ಹೀಗಾಗಿ ಎಂದೂ ರಾಸಾಯನಿಕ ಮುಟ್ಟದವನ ಅಕ್ಕಿಯೂ ಹೆಸರಿಲ್ಲದೆ, ಸಾಮಾನ್ಯ ಧಾರಣೆಗೇ ಬಿಕರಿಯಾಗುತ್ತದೆ. ಶುಲ್ಕ ತೆರಬಲ್ಲ ದೊಡ್ಡ ವ್ಯಾಪಾರಿಗೆ ಇದರಿಂದ ಯಾವ ನಷ್ಟವೂ ಇಲ್ಲ.

ಬೆಳೆಗಾರರ ಸಂಘವು ಹೋಟೆಲಿಗೆ ನೇರವಾಗಿ ಮಾರುವ ಸರಕಿಗೂ, ಅದೇ 12 ಲಕ್ಷದ ಮಿತಿಯೊಳಗೆ, ಸರಕಾರವು ಈ ರಿಯಾಯಿತಿಯನ್ನು ವಿಸ್ತರಿಸಬೇಕೆಂಬುದು ನಮ್ಮ ಮತ. ಯಾವ ಊರಿನ ಯಾವ ಸಂಘದ ಸರಕು ಎಂಬುದು ರಶೀದಿಯಲ್ಲಿ ನಮೂದಾದರೆ ಮೋಸಕ್ಕೆ ಎಡೆ ಕಡಿಮೆ. ಅದು ಆಗುವ ತನಕ ಗುಂಪು ಸಾಕ್ಷಿಯ ದಾರಿಯೊಂದು ತೆರೆದಿದೆ. ಅದಕ್ಕೆ ಹಣಕ್ಕಿಂತ ಹೆಚ್ಚಾಗಿ ಬೇಕಾದುದು ಐದು ಮನೆಗಳ ಒಮ್ಮತ ಮತ್ತು ಕಾಗದಪತ್ರ ಬರೆಯಬಲ್ಲ ಒಬ್ಬಾತ. ಕಾಗದಪತ್ರ ಬರೆದೇ ಹೊಟ್ಟೆ ಹೊರೆಯುವ ನಮ್ಮ ಗುಮಾಸ್ತ ಬಂಧುಗಳು ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಅಣ್ಣತಮ್ಮಂದಿರ ಪರವಾಗಿ ಆ ಅರ್ಜಿಯನ್ನು ತುಂಬಿಕೊಟ್ಟು ಬರಲಿ.