ಜಠರಕ್ಕೊಂದು ಪಟ್ಟಿ ಬಿಗಿದ ಮೇಲೆ

ಶಿಡ್ಲಘಟ್ಟದ ಸೀಮೆಯಲ್ಲಿ ರೇಷ್ಮೆಹುಳು ಸಾಕುವ ಮನೆಗಳಲ್ಲಿ ಸೊಪ್ಪು ಹಾಕುವುದಕ್ಕೊಂದು ಕ್ರಮವುಂಟು. ಮೇಲೂರಿನ ಗೃಹಿಣಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹುಳುವಿನ ವಯಸ್ಸನ್ನು ನೋಡಿ, ಎಳೆಯದೋ ಬಲಿತದ್ದೋ, ತಕ್ಕ ಎಲೆಯನ್ನು ಹೊತ್ತು ತಪ್ಪದೆ ಹಾಕುತ್ತಾರೆ. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಕಳಚುವ ಹೊತ್ತಿನಲ್ಲಿ, ಒಂದೆಲೆಯನ್ನೂ ಹಾಕುವುದಿಲ್ಲ. ಹುಳುವಿನ ಹೊಟ್ಟೆಯ ವಿಷಯದಲ್ಲಿ ಇಷ್ಟು ಎಚ್ಚರವಾಗಿರುವ ಮನೆಯಲ್ಲಿಯೂ ಮನುಷ್ಯರ ಹೊಟ್ಟೆಯ ಲೆಕ್ಕ ಮಾತ್ರ ಸಡಿಲವಾಗಿರುವುದುಂಟು. "ಇನ್ನೊಂದು ತುತ್ತು" ಎನ್ನುವುದು ಪ್ರೀತಿಯ ಮಾತು. ಬೇಡವೆನ್ನುವುದು ಮುನಿಸಿನ ಗುರುತು!

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕ ಸ್ತ್ರೀಪುರುಷರಲ್ಲಿ ನೂರಕ್ಕೆ ಸುಮಾರು 30 ಮಂದಿಯ ತೂಕ ಇರಬೇಕಾದುದಕ್ಕಿಂತ ಹೆಚ್ಚಾಗಿದೆ. ಇವರಲ್ಲಿ ಬಹುಮಂದಿಗೆ ಊಟದ ಹಿತಮಿತ, ನಡಿಗೆ, ದುಡಿಮೆ, ಔಷಧಿಗಳಿಂದಲೇ ಗುಣ ಕಂಡೀತು. ಆದರೆ ಸ್ಥೂಲಕಾಯವು ಮಿತಿಮೀರಿ, ಸಕ್ಕರೆ ಕಾಯಿಲೆಯೂ ಮಂಡಿನೋವೂ ಜೊತೆಗೂಡಿ, ಬೇರೆ ಯಾವ ಉಪಾಯವೂ ಫಲಿಸದಿದ್ದಾಗ ವೈದ್ಯರು ಶಸ್ತ್ರಕ್ರಿಯೆಯನ್ನು ಸೂಚಿಸುವುದುಂಟು. ಅವುಗಳಲ್ಲಿ ಒಂದು ಗ್ಯಾಸ್ಟ್ರಿಕ್ ಬ್ಯಾಂಡ್, ಎಂದರೆ ಜಠರಕ್ಕೆ ಬಿಗಿಯುವ ಪಟ್ಟಿ.

ಕೆಲವು ವರ್ಷಗಳ ಹಿಂದೆ ಇಂಥ ಪಟ್ಟಿಯನ್ನು ಹಾಕಿಸಿಕೊಂಡು ಬಂದ ಸೊಸೆಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಮನೆಯಲ್ಲಿ ರಾತ್ರಿ ಮುದ್ದೆ, ಬಸ್ಸಾರು. ಎಲ್ಲರೂ ಮುದ್ದೆಯನ್ನು ಮುರಿದು, ಸಾರಿನಲ್ಲಿ ಅದ್ದಿ, ಗುಳುಕ್ಕನೆ ನುಂಗುತ್ತಿದ್ದಾರೆ. ಅವಳ ತಟ್ಟೆಯಲ್ಲಿ ಒಂದು ಸಣ್ಣ ಬಟ್ಟಲಿನಷ್ಟು ಬೆಂದ ಕಾಳು.

"ಇದೇನಮ್ಮಾ ಊಟ? ಗುಬ್ಬಿಯಾದರೂ ಇದಕ್ಕಿಂತ ಹೆಚ್ಚು ತಿಂದೀತು!" ಎನ್ನುತ್ತಾಳೆ ಅತ್ತೆ.

"ಸಾಕು ಅತ್ತೆ, ತುಂಬಿತು" ಎನ್ನುತ್ತಾಳೆ ಸೊಸೆ.

ಅವಳು ಸುಳ್ಳಾಡುತ್ತಿಲ್ಲ. ಪಟ್ಟಿಯ ರಚನೆಯೇ ಅಂಥದು. ಜಠರದ ಮೇಲ್ತುದಿಗೆ, ಅನ್ನನಾಳವು ಬಂದು ಸೇರುವೆಡೆಯ ಸ್ವಲ್ಪವೇ ಕೆಳಗೆ, ಸಿಲಿಕೋನಿನ ಬಳೆಯೊಂದನ್ನು ತೊಡಿಸುತ್ತಾರೆ. ಬಳೆಯ ಮೇಲೆ ಉಳಿಯುವ ಪುಟ್ಟ ಚೀಲದಲ್ಲಿ 15ರಿಂದ 30 ಮಿಲಿಲೀಟರ್, ಎಂದರೆ ಒಂದೆರಡು ಊಟದ ಚಮಚದಷ್ಟು ಮಾತ್ರ ಹಿಡಿಸುತ್ತದೆ. ಬಳೆಯ ಒಳಮೈಯಲ್ಲಿ ಒಂದು ಬುಗ್ಗೆ; ಅದರಿಂದ ಹೊರಟ ಸಣ್ಣ ನಳಿಗೆಯು ಹೊಟ್ಟೆಯ ಚರ್ಮದಡಿಯಲ್ಲಿ ಹೂತಿಟ್ಟ ಬಿಲ್ಲೆಯೊಂದನ್ನು ಸೇರುತ್ತದೆ. ಆ ಬಿಲ್ಲೆಗೆ ವಿಶೇಷವಾದ ಸೂಜಿ ಚುಚ್ಚಿ ಉಪ್ಪುನೀರಿನ ದ್ರಾವಣ ತುಂಬಿದರೆ ಬಳೆ ಬಿಗಿಯುತ್ತದೆ, ಹೊರತೆಗೆದರೆ ಸಡಿಲವಾಗುತ್ತದೆ. ಆಹಾರವು ಮೇಲಿನ ಚೀಲದ ಮೂಲಕ ಸಾಗುವಾಗ ಅಲ್ಲಿನ ನರಗಳು ತುಂಬಿತೆಂಬ ಸುದ್ದಿಯನ್ನು ಮಿದುಳಿಗೆ ಬೇಗನೆ ಮುಟ್ಟಿಸುತ್ತವೆ. ಹೀಗೆ ಬಿಗಿಸಿ ಸಡಿಲಿಸಬಲ್ಲ ಪಟ್ಟಿಯನ್ನು 1986ರಲ್ಲಿ ಅಮೆರಿಕದ ಲುಬೊಮಿರ್ ಕುಜ್ಮಾಕ್ ಎಂಬ ವೈದ್ಯರು ಬಳಕೆಗೆ ತಂದರು. ಇಥಿಯೋಪಿಯದಲ್ಲಿ ಹುಟ್ಟಿ ಬೆಲ್ಜಿಯಮ್ಮಿನಲ್ಲಿ ವೈದ್ಯರಾದ ಮಿಟಿಕು ಬೆಲಾಚ್ಯೂ ಅವರು 1993ರಲ್ಲಿ, ಹೊಟ್ಟೆಯನ್ನು ದೊಡ್ಡದಾಗಿ ಕೊಯ್ಯದೆ, ಸಣ್ಣ ರಂಧ್ರಗಳ ಮೂಲಕವೇ ಅದನ್ನು ತೊಡಿಸಿದರು.

ಇಷ್ಟಾದರೆ ಸಂಕಟವೆಲ್ಲ ಪರಿಹಾರವಾಯಿತೆ? ಇಲ್ಲ. ಪಟ್ಟಿ ಬಾಗಿಲು ಕಾಯುವ ಆಳು ಮಾತ್ರ. ಮನೆ ನಡೆಸುವ ಯಜಮಾನನಲ್ಲ. ಮೇಲೂರಿನಂಥ ಮುದ್ದೆಯ ಸೀಮೆಯಲ್ಲಿ ಈ ಮಾತು ಮೊದಲ ತುತ್ತಿನಲ್ಲಿಯೇ ಮನದಟ್ಟಾಗುತ್ತದೆ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಮಕ್ಕಳಿಗೆ ಹಿರಿಯರು ಕಲಿಸಿರುತ್ತಾರೆ. ಪಟ್ಟಿ ತೊಟ್ಟವರಿಗೆ ಇರುವ ಮೊದಲ ನಿಯಮವೋ, ಅಗಿಯದೆ ಏನನ್ನೂ ನುಂಗಬಾರದೆಂಬುದು! ಅಂಟಾದ ಹಿಟ್ಟಿನ ಉಂಡೆಯು ಕಿರಿದಾದ ದಾರಿಯಲ್ಲಿ ಸಿಕ್ಕಿಕೊಂಡರೆ ಎದೆಯಲ್ಲಿ ಹಿಂಡಿದಂಥ ನೋವು, ಬಾಯಲ್ಲಿ ನೀರೂರುವಿಕೆ, ಕಡೆಗೆ ವಾಂತಿ. ಆಗ ನೀರು ಕುಡಿದು ತಳ್ಳುವೆನೆಂದರೆ ನೀರೂ ಮೇಲೆಯೇ ನಿಲ್ಲುತ್ತದೆ. ಊಟವನ್ನು ಅಲ್ಲಿಗೇ ನಿಲ್ಲಿಸಿ, ಎದ್ದು ನಿಧಾನವಾಗಿ ಅಡ್ಡಾಡುವುದು ಲೇಸು.

ಮುದ್ದೆಯಂತೆಯೇ ಅಂಟಾದ ಅನ್ನ, ಮೆತ್ತನೆಯ ಬ್ರೆಡ್ಡು, ನಾರಿನ ನುಗ್ಗೇಕಾಯಿ, ಗಟ್ಟಿಯಾದ ಮಾಂಸದ ತುಂಡು ಇವುಗಳಲ್ಲಿಯೂ ಎಚ್ಚರ ಬೇಕು. ಚಿಕ್ಕಬಳ್ಳಾಪುರದ ದ್ರಾಕ್ಷಿಯನ್ನಾದರೂ ಸಿಪ್ಪೆ ಉಗಿದೇ ತಿನ್ನತಕ್ಕದ್ದು. ಹಾಗೆಂದು ಉಪವಾಸವಿರಬೇಕಾಗಿಲ್ಲ. ಈ ಸೀಮೆಯ ಅಡಿಗೆಮನೆಯಲ್ಲಿಯೇ ಪರಿಹಾರಗಳಿವೆ. ಅವರೆಕಾಳಿನ ಸಿಪ್ಪೆ ಸುಲಿದ ಹಿತಕಿದ ಬೇಳೆಯನ್ನು ಮೆತ್ತಗೆ ಬೇಯಿಸಿದರೆ ಅದೂ ಹಿತ. ಮೊಟ್ಟೆ, ಮೀನು, ಗಟ್ಟಿ ಮೊಸರು, ಬೇಳೆ ಇವುಗಳಿಂದ ಮೈಗೆ ಬೇಕಾದ ಸಸಾರಜನಕ ದೊರೆಯುತ್ತದೆ. ತಟ್ಟೆಯಲ್ಲಿ ಇವುಗಳಿಗೆ ಮೊದಲ ಸ್ಥಾನ. ತುತ್ತು ಹೆಬ್ಬೆರಳ ಉಗುರಿನಷ್ಟಿರಲಿ. ಊಟಕ್ಕೆ ಇಪ್ಪತ್ತು ಮೂವತ್ತು ನಿಮಿಷ ಹಿಡಿಯಲಿ. ಊಟದ ಜೊತೆಗೆ ನೀರು ಬೇಡ. ಅರ್ಧ ಗಂಟೆಯಾದರೂ ಕಳೆದ ಬಳಿಕ ಕುಡಿಯಬಹುದು.

ಇನ್ನೊಂದು ಮೋಸದ ದಾರಿಯುಂಟು. ಗಟ್ಟಿ ಪದಾರ್ಥವನ್ನು ತಡೆಯುವ ಪಟ್ಟಿಯು ಪಾಯಸವನ್ನು ತಡೆಯದು. ಸಕ್ಕರೆ ಹಾಕಿದ ಕಾಫಿ, ಬಾಟಲಿಯ ಪಾನೀಯ, ಐಸ್‌ಕ್ರೀಂ, ಬಾಯಲ್ಲಿ ಕರಗುವ ಕರಿದ ತಿಂಡಿ ಇವೆಲ್ಲ ಸರಾಗವಾಗಿ ಜಾರಿಹೋಗುತ್ತವೆ. ಮುದ್ದೆಗೆ ಹೆದರಿ ದಿನವಿಡೀ ಬೆಲ್ಲದ ಅಂಬಲಿ ಕುಡಿದವರ ತೂಕ ಇಳಿಯದೆ ನಿಂತರೆ ಆಶ್ಚರ್ಯವೇನು?

ಶಸ್ತ್ರಕ್ರಿಯೆಯಾದ ನಾಲ್ಕಾರು ವಾರಗಳ ತರುವಾಯ ಮೊದಲ ಬಿಗಿತ. ಅನಂತರವೂ ವೈದ್ಯರ ಭೇಟಿ ತಪ್ಪಬಾರದು. ರೇಷ್ಮೆಹುಳು ಹಣ್ಣಾಗುವ ದಿನಗಳಲ್ಲಿ ಬೆಂಗಳೂರಿಗೆ ಹೋಗಿಬರಲು ಯಾರಿಗೆ ಬಿಡುವು? ಒಮ್ಮೆ ತಪ್ಪಿದ ಭೇಟಿ ಹಾಗೆಯೇ ವರ್ಷಗಟ್ಟಲೆ ತಪ್ಪಿಹೋಗುತ್ತದೆ. ಅಪಾಯ ಅಡಗಿರುವುದು ಇಲ್ಲಿಯೇ. ಪಟ್ಟಿ ಜಾರಬಹುದು, ಮೇಲಿನ ಚೀಲ ಹಿಗ್ಗಬಹುದು, ಪಟ್ಟಿಯು ಜಠರದ ಗೋಡೆಯನ್ನು ಕೊರೆದು ಒಳಹೊಗಬಹುದು, ನಳಿಗೆ ಸೋರಬಹುದು. ಮಲಗಿದಾಗ ಹುಳಿನೀರು ಗಂಟಲಿಗೆ ಬರುವುದು, ರಾತ್ರಿಯ ಕೆಮ್ಮು, ದಿನೇ ದಿನೇ ವಾಂತಿ ಇವು ಪಟ್ಟಿ ಅತಿಯಾಗಿ ಬಿಗಿದಿರುವುದರ ಅಥವಾ ಜಾರಿರುವುದರ ಮುನ್ಸೂಚನೆಗಳು. ಎಂಜಲನ್ನೂ ನುಂಗಲಾಗದಿದ್ದರೆ, ಹೊಟ್ಟೆಯಲ್ಲಿ ತೀವ್ರವಾದ ನೋವೆದ್ದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡತಕ್ಕದ್ದು. ಮೈಕೈ ನೋವಿಗೆಂದು ಅಂಗಡಿಯಿಂದ ಮಾತ್ರೆ ತಂದು ನುಂಗುವ ಅಭ್ಯಾಸವೂ ಇವರಿಗೆ ಸಲ್ಲದು. ಅಂಥ ಕೆಲವು ಮಾತ್ರೆಗಳು ಜಠರವನ್ನು ಹುಣ್ಣುಮಾಡುತ್ತವೆ. ತೂಕ ಇಳಿದಂತೆ ಸಕ್ಕರೆ ಕಾಯಿಲೆಯ ಔಷಧಿಯ ಪ್ರಮಾಣವನ್ನು ವೈದ್ಯರಿಂದ ತಿದ್ದಿಸಿಕೊಳ್ಳಬೇಕು. ಗರ್ಭ ನಿಂತ ಸೊಸೆಯಾದರೆ ಪಟ್ಟಿಯನ್ನು ಸಡಿಲಿಸಬೇಕಾದೀತು, ವಿಷಯವನ್ನು ಮುಚ್ಚಿಡಬಾರದು.

ಫಲವೆಷ್ಟು? ಆಸ್ಟ್ರೇಲಿಯದ ಮೆಲ್ಬೋರ್ನಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಂದಿಯನ್ನು ಅನುಸರಿಸಿ ನೋಡಿದ ವೈದ್ಯರು 2013ರಲ್ಲಿ ಪ್ರಕಟಿಸಿದ ವರದಿಯಂತೆ, ಹದಿನೈದು ವರ್ಷ ಕಳೆದವರಲ್ಲಿಯೂ ಹೆಚ್ಚುವರಿ ತೂಕದ ಸುಮಾರು ಅರ್ಧ ಭಾಗ ಇಳಿದೇ ಇತ್ತು. ಅಲ್ಲಿಯೂ ಎಷ್ಟೋ ಮಂದಿಗೆ ಮರುಶಸ್ತ್ರಕ್ರಿಯೆ ಬೇಕಾಯಿತು. ಬೆಲ್ಜಿಯಮ್ಮಿನಿಂದ 2011ರಲ್ಲಿ ಬಂದ ವರದಿಯಾದರೋ ಕಹಿಯಾದದ್ದು: ಪರೀಕ್ಷಿಸಲಾದ 82 ಮಂದಿಯಲ್ಲಿ ಹನ್ನೆರಡು ವರ್ಷಗಳು ಕಳೆಯುವಷ್ಟರಲ್ಲಿ ಅರ್ಧದಷ್ಟು ಜನರ ಪಟ್ಟಿಯನ್ನು ತೆಗೆಯಬೇಕಾಗಿತ್ತು. ಈ ಕಾರಣದಿಂದಲೇ ಇಂದು ಹೊಸದಾಗಿ ಪಟ್ಟಿ ಹಾಕುವುದು ಬಹಳ ವಿರಳ. ಜಠರವನ್ನೇ ಕಿರಿದುಮಾಡುವ ಇತರ ಶಸ್ತ್ರಕ್ರಿಯೆಗಳು ಅದರ ಸ್ಥಾನಕ್ಕೆ ಬಂದಿವೆ. ಆದರೆ ಹಿಂದೆ ಹಾಕಿಸಿಕೊಂಡವರು ನಮ್ಮ ನಡುವೆ ಬಾಳುತ್ತಿದ್ದಾರೆ. ಪಟ್ಟಿಯನ್ನು ತೆಗೆಸಬೇಕಾಗಿ ಬಂದರೆ ಅದು ಅವರ ಸೋಲಲ್ಲ, ನಾಚಿಕೆಯ ವಿಷಯವೂ ಅಲ್ಲ. ಮುಂದಿನ ದಾರಿಯನ್ನು ವೈದ್ಯರೊಡನೆ ಕೂತು ಆಲೋಚಿಸುವುದಷ್ಟೆ ಉಳಿದ ಕೆಲಸ.

ಇದರಲ್ಲಿ ಮನೆಯವರ ಪಾಲು ಚಿಕ್ಕದಲ್ಲ. ಮದುವೆಯ ಮನೆಯಲ್ಲಿ "ಇನ್ನೊಂದು ಒಬ್ಬಟ್ಟು" ಎಂದು ಎಲೆಗೆ ಹಾಕಿಬಿಡುವವರು, "ಕಾಸು ಸುರಿದು ಹೊಟ್ಟೆ ಕಟ್ಟಿಸಿಕೊಂಡಳು" ಎಂದು ಹಂಗಿಸುವವರು, ಬೇಗ ಉಂಡು ಏಳೆಂದು ಅವಸರಪಡಿಸುವವರು, ಇವರೆಲ್ಲ ಅರಿಯದೆಯೇ ನೋವನ್ನು ಬಡಿಸುತ್ತಾರೆ. ಎದೆ ಹಿಂಡಿದರೂ ಬಚ್ಚಲಿಗೆ ಹೋಗಿ ಸದ್ದಿಲ್ಲದೆ ವಾಂತಿಮಾಡಿಕೊಳ್ಳುವ ಸೊಸೆಯು ಆಸ್ಪತ್ರೆಗೆ ತಡವಾಗಿ ಹೋಗುವುದು ಬಹುಮಟ್ಟಿಗೆ ಇಂಥ ಮಾತುಗಳ ಭಯದಿಂದಲೇ.

ಆ ಅತ್ತೆಯೂ ಒಂದು ದಿನ ಯೋಚಿಸಿಯಾಳು. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕದಿರುವುದು ಅದರ ಮೇಲಿನ ಅಕ್ಕರೆಯಿಂದಲ್ಲವೆ? ಅಂದಿನಿಂದ ಆಕೆ ಅವರೆಕಾಳನ್ನು ಇನ್ನೊಂದು ಕುದಿ ಹೆಚ್ಚಾಗಿ ಬೇಯಿಸಿ, ಸಣ್ಣ ಬಟ್ಟಲಲ್ಲಿ ಹಾಕಿಟ್ಟು, "ನಿಧಾನವಾಗಿ ಉಣ್ಣಮ್ಮಾ, ಅವಸರವಿಲ್ಲ" ಎಂದರೆ ಸಾಕು. ಪಟ್ಟಿಯ ಕೆಲಸ ಅರ್ಧ ಹಗುರವಾದಂತೆ.