ಹಕ್ಕಿಯ ಚಿತ್ರ ಕಂಡಿತು, ಆಳಿನ ಹೆಸರು ಕಾಣಲಿಲ್ಲ



ದೊಡ್ಡ ಕಂಪೆನಿಯೊಂದು ಒಳ್ಳೆಯದೋ ಕೆಟ್ಟದ್ದೋ ಎಂದು ಜನರು ತೀರ್ಮಾನಿಸುವುದು ಬಹುಮಟ್ಟಿಗೆ ಪತ್ರಿಕೆ, ಟೆಲಿವಿಷನ್ ನೋಡಿಯೇ. ಹಾಗಿರುವಾಗ ಅವು ಯಾವ ನಷ್ಟವನ್ನು ದೊಡ್ಡದು ಮಾಡುತ್ತವೆ, ಯಾರ ಸಾವನ್ನು ಮೂಲೆಗೆ ಹಾಕುತ್ತವೆ ಎಂಬುದನ್ನು ದುಡಿಯುವವರಾದ ನಾವು ಗಮನಿಸಬೇಡವೇ? ಬಿ.ಪಿ. ಎಂಬ ಬ್ರಿಟಿಷ್ ಎಣ್ಣೆ ಕಂಪೆನಿಯ ಸಂಗತಿಯನ್ನೇ ನೋಡಿರಿ.

2000ದಲ್ಲಿ ಅದು ತನ್ನ ಹಳೆಯ ಗುರಾಣಿ ಗುರುತನ್ನು ಬಿಟ್ಟು ಹಸಿರು ಹಳದಿ ಬಣ್ಣದ ಸೂರ್ಯನ ಗುರುತನ್ನು ಹಾಕಿಕೊಂಡಿತು. ತನ್ನ ದೃಷ್ಟಿ ಪೆಟ್ರೋಲಿನ ಆಚೆಗೂ ಇದೆಯೆಂದು ಜಾಹೀರಾತು ಕೊಟ್ಟಿತು. (ಚಹಾ ಪೊಟ್ಟಣದ ಮೇಲೂ ಎಲೆ ಕೀಳುತ್ತಾ ನಗುವ ಹೆಂಗಸಿನ ಚಿತ್ರವಿರುತ್ತದೆಯೇ ಹೊರತು ಸೋರುವ ಲೈನು ಮನೆಯದಲ್ಲ.)

2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿಯಲ್ಲಿದ್ದ ಅದರ ಎಣ್ಣೆ ಶುದ್ಧೀಕರಣ ಕಾರ್ಖಾನೆಯಲ್ಲಿ ಸ್ಫೋಟವಾಯಿತು. ಎತ್ತರದ ಗೋಪುರವೊಂದರೊಳಗೆ ಎಣ್ಣೆ ಮಿತಿಮೀರಿ ತುಂಬಿತ್ತು. ಮಟ್ಟ ತೋರಿಸಬೇಕಾದ ಉಪಕರಣ ತಪ್ಪು ತೋರಿಸುತ್ತಿತ್ತು. ಸತ್ತವರು 15 ಮಂದಿ, ಎಲ್ಲರೂ ಕಾಂಟ್ರಾಕ್ಟ್ ಕೆಲಸಗಾರರು. ಅಂಥ ಅಪಾಯದ ಸ್ಥಳದ ಮಗ್ಗುಲಲ್ಲೇ ಅವರಿಗಾಗಿ ತಾತ್ಕಾಲಿಕ ಕೋಣೆಗಳನ್ನು ತಂದು ನಿಲ್ಲಿಸಿದ್ದರು! ಖರ್ಚು ಕಡಿತವೂ ಇದಕ್ಕೆ ಕಾರಣವೆಂದು 2007ರಲ್ಲಿ ಸರಕಾರದ ತನಿಖಾ ಮಂಡಳಿ ಹೇಳಿತು. ಪತ್ರಿಕೆಗಳು ಬರೆಯಲಿಲ್ಲವೆಂದಲ್ಲ, ಬರೆದವು. ಆದರೆ ಲೋಕ ಬೇಗ ಮರೆಯಿತು. ಸೂರ್ಯನ ಗುರುತು ಹಾಗೆಯೇ ಹೊಳೆಯುತ್ತಿತ್ತು.

2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಬಿ.ಪಿ.ಗಾಗಿ ಬಾವಿ ಕೊರೆಯುತ್ತಿದ್ದ ಡೀಪ್‌ವಾಟರ್ ಹೊರೈಜನ್ ಎಂಬ ತೇಲು ಅಟ್ಟಣೆ ಸಿಡಿದು ಹೊತ್ತಿ ಉರಿಯಿತು. 11 ಮಂದಿ ಸತ್ತರು. ಅವರ ಶವಗಳೂ ಸಿಗಲಿಲ್ಲ. 87 ದಿನ ಎಣ್ಣೆ ಸಮುದ್ರಕ್ಕೆ ಹರಿಯಿತು. ಸಮುದ್ರತಳದಲ್ಲಿ ಎಣ್ಣೆ ಚಿಮ್ಮುವುದನ್ನು ಜನರು ಟೆಲಿವಿಷನ್ನಿನಲ್ಲಿ ಕಂಡರು, ಎಣ್ಣೆ ಮೆತ್ತಿದ ಹೆಜ್ಜಾರ್ಲೆಗಳನ್ನು ಕಂಡರು. ಆಗ ಸಿಟ್ಟು ಭುಗಿಲೆದ್ದಿತು. ಕಂಪೆನಿಯ ಮುಖ್ಯಾಧಿಕಾರಿ ಟೋನಿ ಹೇವರ್ಡ್, ತನಗೆ ತನ್ನ ಬದುಕು ಮರಳಿ ಬೇಕಾಗಿದೆ ಎಂದುಬಿಟ್ಟರು. ಮರಳಿ ಬಾರದ 11 ಬದುಕುಗಳ ಮಾತು ಎದ್ದ ಮೇಲೆ ಕ್ಷಮೆ ಕೇಳಿದರು.

ಹಕ್ಕಿಗಾಗಿ, ಬಲೆ ಬೀಸಲಾರದೆ ಕುಳಿತ ಬೆಸ್ತರಿಗಾಗಿ ಜನ ಮರುಗಿದ್ದು ನ್ಯಾಯವೇ. ಆದರೆ ಟೆಕ್ಸಾಸಿನ 15 ಹೆಣಗಳು ಕಂಪೆನಿಯ ಹೆಸರಿಗೆ ಹಚ್ಚದ ಮಸಿಯನ್ನು ಐದು ವರ್ಷದ ಮೇಲೆ ಎಣ್ಣೆ ಮೆತ್ತಿದ ಹಕ್ಕಿಯ ಚಿತ್ರ ಹಚ್ಚಿತು. ಇದು ನಮಗೆ ನೋವಿನ ಸಂಗತಿ. ಯಾವ ಕಂಪೆನಿಯ ಹೊಗಳಿಕೆ ಓದಿದರೂ, ಅಲ್ಲಿ ಕೆಲಸಕ್ಕೆ ಹೋದವರು ಜೀವಂತ ಮನೆಗೆ ಬರುತ್ತಾರೆಯೇ ಎಂದು ಮೊದಲು ಕೇಳಬೇಕೆಂಬುದು ನಮ್ಮ ಅಭಿಪ್ರಾಯ.

ಇನ್ನೊಂದು ಮಾತು. ಸಮುದ್ರದಲ್ಲಿ ಸತ್ತ ಆ 11 ಮಂದಿಯಲ್ಲಿ ಒಬ್ಬನೂ ಬಿ.ಪಿ.ಯ ಸಂಬಳದ ಆಳಲ್ಲ. ಬೇರೆ ಕಂಪೆನಿಗಳ ಕಡೆಯವರು. ಚೆಕ್‌ರೋಲಿನಲ್ಲಿ ಹೆಸರಿಲ್ಲದವನು ಸತ್ತರೆ ಅದು ಯಾರ ಲೆಕ್ಕಕ್ಕೆ ಎಂಬ ಪ್ರಶ್ನೆ ತೋಟದವರಿಗೆ ಹೊಸದಲ್ಲ. ಆದರೂ 2012ರಲ್ಲಿ ಆ 11 ಸಾವುಗಳ ಅಪರಾಧವನ್ನು ಬಿ.ಪಿ.ಯೇ ಒಪ್ಪಿಕೊಳ್ಳಬೇಕಾಯಿತು.