ತೋಟ ಅಡವಿಡುವ ಮೊದಲು ಕಣ್ಣು ತೋರಿಸಿ

ಹೋದ ತಿಂಗಳು ಒಂದು ಸಂಜೆ ಪಕ್ಕದ ತೋಟದ ಅಣ್ಣ ಮೇಳಿಗೆಯ ನಮ್ಮ ಮನೆಗೆ ಬಂದರು. ಕೈಯಲ್ಲಿ ಒಂದು ಬಣ್ಣದ ಬ್ರೋಶರ್.

"ಮಗಳು ಪೈಲಟ್ ಆಗ್ತೀನಿ ಅಂತ ಹಟ ಹಿಡಿದು ಕೂತಿದಾಳೆ ಮಾರಾಯ್ತಿ. ನಾಳೆಯೊಳಗೆ ಅಡ್ವಾನ್ಸ್ ಕಟ್ಟಿದ್ರೆ ಕೆಲಸಾನೂ ಗ್ಯಾರಂಟಿ ಅಂತಾರೆ ಇವರು. ತೋಟದ ಮೇಲೆ ಸಾಲ ತೆಗೆಯದಾ ಅಂತ..."

2023ರಲ್ಲಿ ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ಕಡೆ ಮಕ್ಕಳಿಗೆ ಈ ಆಸೆ ಜಾಸ್ತಿಯಾಗಿದೆ. ಆಸೆ ತಪ್ಪಲ್ಲ. ಆದರೆ ಸಾಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಬೇರೆ ಇದೆ. ನನ್ನ ತಮ್ಮನ ಮಗ ಈ ದಾರಿಯಲ್ಲಿ ಹೋದವನು. ಅವನಿಗೇ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಕೂತೆವು.

"ಮಾವ, ಮೊದಲು ಮೆಡಿಕಲ್ ಮಾಡಿಸಿ," ಅಂದ ಅವನು. ಅವನ ಜೊತೆ ಸೇರಿದ್ದ ಹುಡುಗನೊಬ್ಬನಿಗೆ ಕೆಂಪು, ಹಸಿರು ಸರಿಯಾಗಿ ಗೊತ್ತಾಗೋದಿಲ್ಲ ಅಂತ ತಿಳಿದದ್ದು ಫೀಸು ಕಟ್ಟಿದ ಮೇಲಂತೆ. ಕನ್ನಡಕ ಇದ್ದರೆ ಹೆದರಬೇಕಿಲ್ಲ, ನಿಗದಿತ ಮಿತಿಯೊಳಗಿದ್ದರೆ ಸಾಕು. ಬಣ್ಣ ಗುರುತಿಸುವುದರಲ್ಲಿ ಫೇಲಾದರೆ ಮಾತ್ರ ಪೈಲಟ್ ಕೆಲಸದ ಲೈಸೆನ್ಸ್ ಸಿಗೋದಿಲ್ಲ. ಲೈಸೆನ್ಸ್ ಕೊಡುವುದು ಕೇಂದ್ರ ಸರ್ಕಾರದ ಡಿಜಿಸಿಎ. ಅವರು ಗೊತ್ತುಮಾಡಿದ ಡಾಕ್ಟರ ಹತ್ತಿರ ಮೊದಲು ಕ್ಲಾಸ್ 2, ಆಮೇಲೆ ಕ್ಲಾಸ್ 1 ಪರೀಕ್ಷೆ ಆಗಬೇಕು.

ಉಳಿದದ್ದು ಹೀಗೆ. ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಪಾಸಾಗಿರಬೇಕು. ಕಾಮರ್ಸ್ ಓದಿದವರು ಆ ಎರಡು ವಿಷಯಗಳನ್ನು ಓಪನ್ ಸ್ಕೂಲ್ ಮೂಲಕ ಬರೆಯಬಹುದು. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ 18 ವರ್ಷ ತುಂಬಿರಬೇಕು, 200 ಗಂಟೆ ಹಾರಾಟ ಆಗಿರಬೇಕು. ದಿಕ್ಕು ದಾರಿ ಲೆಕ್ಕ, ಹವಾಮಾನ, ವಿಮಾನಯಾನದ ನಿಯಮ, ವಿಮಾನದ ತಾಂತ್ರಿಕ ವಿಷಯ ಅಂತ ಲಿಖಿತ ಪರೀಕ್ಷೆಗಳಿವೆ. ರೇಡಿಯೋದಲ್ಲಿ ಮಾತಾಡುವುದಕ್ಕೆ ಬೇರೆ ಪರೀಕ್ಷೆ. ವಿದೇಶದಲ್ಲಿ ಕಲಿತು ಬಂದರೂ ಇಲ್ಲಿನ ಲೈಸೆನ್ಸಿಗೆ ಬದಲಾಯಿಸಿಕೊಳ್ಳಬೇಕು.

ಖರ್ಚು ಕೇಳಿ ಅಣ್ಣ ಸುಮ್ಮನಾದರು. ಅರ್ಧ ಕೋಟಿ ದಾಟುವುದು ಮಾಮೂಲು. ಲೈಸೆನ್ಸ್ ಬಂದ ಮೇಲೆ ಏರ್‌ಬಸ್, ಬೋಯಿಂಗ್ ಥರದ ವಿಮಾನಕ್ಕೆ ಟೈಪ್ ರೇಟಿಂಗ್ ಅಂತ ಮತ್ತೆ ಲಕ್ಷಗಟ್ಟಲೆ ಬೇಕು. ಅಷ್ಟಾದರೂ ಕೆಲಸ ಕೊಡುವುದು ವಿಮಾನ ಕಂಪನಿ, ತರಬೇತಿ ಶಾಲೆ ಅಲ್ಲ. ಹಾಗಾಗಿ "ಗ್ಯಾರಂಟಿ" ಅನ್ನುವ ಮಾತಿಗೆ ಬೆಲೆಯಿಲ್ಲ. ಅಡ್ಡದಾರಿಯಂತೂ ಬೇಡವೇ ಬೇಡ. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದ ಪೈಲಟ್‌ಗಳು ಜೈಲು ಕಂಡರು. ಶಾಲೆಗೆ ಮಾನ್ಯತೆ ಇದೆಯೋ ಇಲ್ಲವೋ ಅನ್ನೋದನ್ನ ಡಿಜಿಸಿಎ ವೆಬ್‌ಸೈಟಿನಲ್ಲಿ ನಾವೇ ನೋಡಬಹುದು. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರದ್ದೇ ತರಬೇತಿ ಶಾಲೆಯಿದೆ. ಹೋಗಿ, ವಿಮಾನ ಎಷ್ಟಿವೆ, 200 ಗಂಟೆ ಮುಗಿಯಲು ಎಷ್ಟು ತಿಂಗಳಾಗುತ್ತದೆ ಅಂತ ಅಲ್ಲಿ ಕಲಿಯುವ ಮಕ್ಕಳನ್ನೇ ಕೇಳಿ.

ಬ್ರೋಶರಿನ ಹಿಂದಿನ ಪುಟದಲ್ಲಿ ಕ್ಯಾಬಿನ್ ಕ್ರೂ ಸರ್ಟಿಫಿಕೇಟ್ ಕೋರ್ಸೂ ಇತ್ತು. ಇದನ್ನು ಎಲ್ಲ ತಾಯಂದಿರೂ ಗಮನಿಸಿ. ಪೈಲಟ್‌ಗಿರುವ ಥರ ಲೈಸೆನ್ಸ್ ಗಗನಸಖಿಯರಿಗೆ ನಮ್ಮ ದೇಶದಲ್ಲಿಲ್ಲ. ಪಿಯುಸಿ ಆದವರನ್ನು ಕಂಪನಿಯೇ ಸಂದರ್ಶನ ಮಾಡಿ ತಗೊಂಡು, ತಾನೇ ತರಬೇತಿ ಕೊಡುತ್ತದೆ. ಬೆಂಕಿ ಆರಿಸೋದು, ತುರ್ತಿನಲ್ಲಿ ಜನರನ್ನು ಇಳಿಸೋದು, ಪ್ರಥಮ ಚಿಕಿತ್ಸೆ, ನೀರಿಗಿಳಿದರೆ ಬದುಕಿಸೋದು, ಎಲ್ಲ ಅದರಲ್ಲಿದೆ. ಪ್ರತಿ 50 ಸೀಟಿಗೆ ಒಬ್ಬರಾದರೂ ಇರಲೇಬೇಕೆಂಬ ನಿಯಮ ಇರುವುದು ಕಾಫಿ ಹಂಚುವುದಕ್ಕಲ್ಲ, ಜೀವ ಉಳಿಸುವುದಕ್ಕೆ. ಖಾಸಗಿ ಅಕಾಡೆಮಿಯಲ್ಲಿ ಇಂಗ್ಲಿಷು, ನಡೆನುಡಿ ಕಲಿಯಬಹುದು. ಆ ಸರ್ಟಿಫಿಕೇಟ್ ಇಲ್ಲದೆಯೂ ನೇರ ಸಂದರ್ಶನಕ್ಕೆ ಹೋಗಬಹುದು.

ಅಣ್ಣ ಬ್ರೋಶರ್ ಮಡಚಿ ಜೇಬಿಗಿಟ್ಟರು. ಅಡ್ವಾನ್ಸ್ ಕಟ್ಟಲಿಲ್ಲ. ಮೊನ್ನೆ ಅಪ್ಪ ಮಗಳು ಬೆಂಗಳೂರಿನ ರಾತ್ರಿ ಬಸ್ಸು ಹತ್ತಿ ಹೋಗಿ ಕ್ಲಾಸ್ 2 ಮೆಡಿಕಲ್ ಮುಗಿಸಿ ಬಂದರು. ಬಣ್ಣದ ಪರೀಕ್ಷೆಯಲ್ಲಿ ಹುಡುಗಿ ಪಾಸು.

"ಇನ್ನು ಕ್ಲಾಸ್ 1 ಆಗ್ಲಿ. ಅಷ್ಟರೊಳಗೆ ಇವಳು ಒಂದೆರಡು ಪೇಪರ್ ಪಾಸ್ ಮಾಡ್ಲಿ," ಅಂದರು ಅಣ್ಣ. "ತೋಟ ಎಲ್ಲಿಗೂ ಓಡಿ ಹೋಗಲ್ಲ."

ಹುಡುಗಿ ಆಗಲೇ ಹವಾಮಾನದ ಪುಸ್ತಕ ಬಿಡಿಸಿಕೊಂಡು ಕೂತಿದ್ದಳು. ನಮ್ಮ ಮಳೆಗಾಲ ನೋಡಿ ಬೆಳೆದವಳಿಗೆ ಆ ಪೇಪರ್ ಕಷ್ಟ ಆಗಲಾರದು ಅಂತ ನನಗಂತೂ ಧೈರ್ಯ.